ಯಾವ ಯಾವೆ?

ಕ್ರಿಸ್ಪಿನ್ ಲಿಕೋನಾನಿಗೆ ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋದಾಗ ಅವನ ಬಾಯಲ್ಲಿ ಉಳಿದದ್ದು ಒಂದೇ ಒಂದು ಮಾತು: ಯಾವೆ. ದೇವರು ಉಳಿಸುವುದೇ ಇದ್ದರೆ ಹೆಂಡತಿಯ ಹೆಸರನ್ನು ಉಳಿಸಬಹುದಿತ್ತು, ಊಟ ಎಂಬುದನ್ನು ಉಳಿಸಬಹುದಿತ್ತು, ಕಡೆಗೆ ಒಂದು ಬೈಗುಳವನ್ನಾದರೂ ಉಳಿಸಬಹುದಿತ್ತು. ಬೆಳ್ಳಿ ಗಣಿಯ ಊರಾದ ಪಾಚುಕಾದ ಗುಡ್ಡದ ಮೇಲಿನ ಗಂಡಸು ಬೈಗುಳವಿಲ್ಲದೆ ಹೇಗೆ ಬದುಕಬೇಕು ಹೇಳಿ! ಉಳಿದದ್ದು ಮಾತ್ರ ಯಾವೆ. ಸ್ಪ್ಯಾನಿಷಿನಲ್ಲಿ ಬೀಗದ ಕೈಗೂ ಯಾವೆ, ನಲ್ಲಿಗೂ ಯಾವೆ, ನಟ್ಟು ತಿರುಗಿಸುವ ಪಾನಾಕ್ಕೂ ಯಾವೆ, ಒಲೆಯ ಗ್ಯಾಸಿನ ತಿರುಪಿಗೂ ಯಾವೆ. ಆಡುವವರಿಗೆ ಇದರಿಂದ ಯಾವತ್ತೂ ಗೊಂದಲವಾದದ್ದಿಲ್ಲ. ಹಿಂದೆ ಮುಂದೆ ಬೇರೆ ಮಾತುಗಳಿರುತ್ತವಲ್ಲ, ಅವು ದಾರಿ ತೋರಿಸುತ್ತವೆ. ಹಿಂದೆ ಮುಂದೆ ಏನೂ ಇಲ್ಲದೆ ಬರೀ ಯಾವೆ ಎಂದರೆ ಕೇಳಿದವರು ಏನು ಮಾಡಬೇಕು? ನಮ್ಮ ಕನ್ನಡದ ಕಿವಿಗಂತೂ ಅದು ಥೇಟ್ "ಯಾವ?" ಎಂದು ಕೇಳಿದ ಹಾಗೆಯೇ ಇರುತ್ತದೆ. ಆ ಮನೆಯಲ್ಲಿ ದಿನವೂ ನಡೆಯುತ್ತಿದ್ದದ್ದು ಅದೇ. ಅವನು ಯಾವೆ ಎನ್ನುವುದು, ಹೆಂಡತಿ ದೊಮಿತಿಲಾ ಯಾವ ಯಾವೆ ಎಂದು ಕೇಳುವುದು, ಅವನು ಇನ್ನೂ ಜೋರಾಗಿ ಯಾವೆ ಎನ್ನುವುದು.

ಕ್ರಿಸ್ಪಿನ್ನನದು ಅಂಥ ದೊಡ್ಡ ಜೀವನಚರಿತ್ರೆಯೇನಲ್ಲ. ಅಪ್ಪ ಬೆಳ್ಳಿ ಗಣಿಯ ದೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತ. ಮಗ ಗಣಿಯೊಳಗೆ ಇಳಿಯುವುದಿಲ್ಲವೆಂದು ಹಟ ಹಿಡಿದು, ಗಣಿಯ ನೀರೆತ್ತುವ ಪಂಪುಮನೆಯಲ್ಲಿ ಫಿಟ್ಟರ್ ಆಗಿ ಸೇರಿಕೊಂಡ. ಭಾನುವಾರ ಮಾತ್ರ ಮುಖವಾಡ ತೊಟ್ಟು ಕುಸ್ತಿಯ ಅಖಾಡಕ್ಕೆ ಇಳಿಯುತ್ತಿದ್ದ. ಗೂಬೆ ಎಂಬುದು ಅವನು ತಾನಾಗಿಯೇ ಇಟ್ಟುಕೊಂಡ ಹೆಸರು. ಹುಲಿ ಇತ್ತು, ಸಿಡಿಲಿತ್ತು, ಸಾಕ್ಷಾತ್ ಸೈತಾನನೇ ಇದ್ದ, ಅದನ್ನೆಲ್ಲ ಬಿಟ್ಟು ಗೂಬೆಯಂತೆ! ಗೂಬೆ ಹೆಚ್ಚಾಗಿ ಸೋಲುತ್ತಿತ್ತು. ದೊಮಿತಿಲಾ ಆ ಕಾಲದಲ್ಲಿ ಅಖಾಡದ ಬಾಗಿಲಲ್ಲಿ ಹುರಿದ ಕುಂಬಳಬೀಜ ಮಾರುತ್ತಿದ್ದಳು. ಸೋತು, ಮುಖವಾಡವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಗೆ ಬಂದವನಿಗೆ ಪಾಪ ಎಂದು ಒಂದು ಪೊಟ್ಟಣ ಬಿಟ್ಟಿ ಕೊಟ್ಟಳು. ಕೊಟ್ಟದ್ದೇ ತಪ್ಪಾಯಿತು ಎಂದು ಎಷ್ಟೋ ವರ್ಷ ಹೇಳಿಕೊಂಡು ನಗುತ್ತಿದ್ದಳು.

ಮದುವೆಯಾದ ಮೇಲೆ ಗೂಬೆಗೆ ಮನೆಯೊಳಗೆ ಗೆಲ್ಲುವ ಯೋಗ ಬಂತು. ಗಂಡ ಹೆಂಡತಿಗೆ ಜಗಳವಾದ ದಿನ, ಹೊತ್ತು ಮುಳುಗುವುದರೊಳಗೆ ಅವನು ಸದ್ದಿಲ್ಲದೆ ಅಡುಗೆಮನೆಗೆ ಬರುತ್ತಿದ್ದ. ಒಲೆಯ ಮುಂದೆ ಬಾಗಿಲಿಗೆ ಬೆನ್ನು ಹಾಕಿ ಕೂತವಳ ಕೊರಳನ್ನು ಹಿಂದಿನಿಂದ ಒಂದು ತೋಳಿನಲ್ಲಿ ಬಳಸಿ, ಆ ತೋಳಿನ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದು ಪಟ್ಟು ಹಾಕಿ, "ಸೋತ್ಯಾ ಮುದುಕಿ?" ಎನ್ನುತ್ತಿದ್ದ. ಮುದುಕಿಗೆ ಆಗಿನ್ನೂ ಇಪ್ಪತ್ತೆರಡು ವರ್ಷ. ಇಲ್ಲಿನ ಗಂಡಂದಿರು ಮದುವೆಯ ಮಾರನೆಯ ದಿನದಿಂದಲೇ ಹೆಂಡತಿಯನ್ನು ಮುದುಕಿ ಎನ್ನುತ್ತಾರೆ. ಅಖಾಡದಲ್ಲಿ ಸೋತವರು ನೆಲ ಬಡಿಯುವ ಹಾಗೆ ಅವಳು ಅಂಗೈಯಿಂದ ನೆಲವನ್ನು ಮೂರು ಸಲ ಬಡಿಯಬೇಕು. ಅಲ್ಲಿಗೆ ಜಗಳ ಮುಗಿಯಿತು. ತಪ್ಪು ಅವನದೇ ಇದ್ದರೂ ನೆಲ ಬಡಿಯಬೇಕಾದವಳು ಮಾತ್ರ ಅವಳೇ, ಅದೊಂದು ಅವಳಿಗೆ ಸದಾ ಉರಿಯುತ್ತಿತ್ತು.

ಆಮೇಲೆ ಅವರಿದ್ದ ಲಾಸ್ ಲಾಹಾಸ್ ಬಡಾವಣೆಗೆ ನೀರು ಬಂತು, ಅವನ ಸಂಜೆಗಳೆಲ್ಲ ಅದರ ಕೆಲಸಕ್ಕೇ ಹೋಗಿ ಮನೆಯೊಳಗಿನ ಆ ಪಟ್ಟಿನ ಆಟ ನಿಂತಿತು. ಜನರೇ ಸೇರಿ ಹಾರೆ ಹಿಡಿದು ಗುಡ್ಡದ ನೆತ್ತಿಯ ತೊಟ್ಟಿಯವರೆಗೆ ಪೈಪು ಎಳೆದರು. ತೊಟ್ಟಿಯ ಬುಡದಲ್ಲಿ ಸಿಮೆಂಟಿನ ಗುಂಡಿ, ಅದಕ್ಕೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ಬೀಗ. ಒಳಗೆ ಎರಡು ವಾಲ್ವು, ಒಂದು ಮೇಲಿನ ಓಣಿಗೆ, ಇನ್ನೊಂದು ಕೆಳಗಿನ ಓಣಿಗೆ. ಎದೆಯೆತ್ತರದ ಪಾನಾ ಇಳಿಸಿ ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು. ಪಂಪುಮನೆಯಲ್ಲಿ ಪಳಗಿದವನೆಂದು ಸಭೆ ಸೇರಿ ಬೀಗದ ಕೈಯನ್ನೂ ಪಾನಾವನ್ನೂ ಕ್ರಿಸ್ಪಿನ್ನನಿಗೆ ವಹಿಸಿತು. ನಮ್ಮ ಕಡೆ ಇಂಥವನಿಗೆ ನೀರುಗಂಟಿ ಎನ್ನುತ್ತೇವೆ. ಎಲ್ಲ ಊರಿನ ನೀರುಗಂಟಿಗೂ ಹಣೆಬರಹ ಒಂದೇ: ನೀರು ಬಂದವರು ಮರೆಯುತ್ತಾರೆ, ಬಾರದವರು ಮೂರು ತಲೆಮಾರು ಸೇರಿಸಿ ಬಯ್ಯುತ್ತಾರೆ. ಕ್ರಿಸ್ಪಿನ್ ಬೈಸಿಕೊಂಡೇ ಮುದುಕನಾದ. ಮಗ ದೊಡ್ಡವನಾಗಿ ತುಲಾದ ಸಿಮೆಂಟು ಕಾರ್ಖಾನೆ ಸೇರಿ ಅಲ್ಲೇ ಸಂಸಾರ ಹೂಡಿದ. ಗುಡ್ಡ ಹತ್ತಿ ಇಳಿದು ಕ್ರಿಸ್ಪಿನ್ನನ ಮಂಡಿ ಸವೆಯಿತು, ರಕ್ತದೊತ್ತಡ ಏರಿತು, ಆದರೂ ಆ ಪಾನಾವನ್ನು ಬಾಗಿಲ ಹಿಂದೆ ರಾಜದಂಡದ ಹಾಗೆ ಒರಗಿಸಿ ಇಟ್ಟುಕೊಂಡಿದ್ದ.

ಲಕ್ವ ಹೊಡೆದದ್ದು ಜನವರಿಯಲ್ಲಿ, ಪಾಚುಕಾದ ಗಾಳಿ ಮುಖದ ಚರ್ಮ ಸುಲಿಯುವ ಕಾಲದಲ್ಲಿ. ಹಿಂದಿನ ಸಂಜೆ ಕೆಳಗಿನ ಓಣಿಯವರು ಯಾರೋ ಅವನ ಬೆನ್ನಿಗೆ ಖಾಲಿ ಬಕೆಟ್ಟು ಎಸೆದಿದ್ದರು. ಬೆಳಗ್ಗೆ ಅವನು ಮತ್ತೆ ಪಾನಾ ಹೆಗಲಿಗೇರಿಸಿದ್ದನ್ನು ಕಂಡು ದೊಮಿತಿಲಾಗೆ ಮೈಯೆಲ್ಲ ಉರಿದುಹೋಯಿತು.

"ಡಾಕ್ಟ್ರು ಗುಡ್ಡ ಹತ್ಬೇಡ ಅಂದಿದಾರೆ. ಬಿಟ್ಟಾಕು ಅದನ್ನ. ಬಕೆಟ್ಟಾಯ್ತು, ನಾಳೆ ಕಲ್ಲು ಬೀಳುತ್ತೆ."

"ನಾನ್ ಸತ್ಮೇಲೆ ಬಿಡ್ತೀನಿ."

"ಹಂಗಾದ್ರೆ ಹೋಗು! ಆ ಯಾವೆ ಜೊತೇಲೇ ಸಂಸಾರ ಮಾಡು. ಅದನ್ನೇ ಮಾತಾಡ್ಸು. ನನ್ನ ಮುಂದೆ ಇನ್ಯಾವತ್ತೂ ಬಾಯಿ ತೆಗೀಬೇಡ, ಕೇಳಿಸ್ತಾ?"

ಅವನು ಬಾಗಿಲನ್ನು ಧಡಾರನೆ ಎಳೆದುಕೊಂಡು ಹೋದ. ತೊಟ್ಟಿಯ ಬುಡದ ಮುಚ್ಚಳದ ಪಕ್ಕದಲ್ಲಿ ಮಗುಚಿ ಬಿದ್ದವನನ್ನು ಮೇಲಿನ ಓಣಿಯವರು ಬಾಗಿಲ ಹಲಗೆಯೊಂದರ ಮೇಲೆ ಹೊತ್ತು ತಂದರು. ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿತ್ತು. ದೊಮಿತಿಲಾ ಅವನ ಮುಖದ ಮೇಲೆ ಬಗ್ಗಿದಾಗ ಅವನು ಆಡಿದ ಮೊದಲ ಮಾತು ಯಾವೆ. ಅದನ್ನೇ ಮಾತಾಡಿಸು ಎಂದಿದ್ದಳು, ಅದನ್ನೇ ಮಾತಾಡುತ್ತಿದ್ದಾನೆ. ತನ್ನ ಬಾಯಿ ತಾಗಿತು, ತಾನೇ ಕೈಯಾರೆ ಅವನ ಗಂಟಲಿಗೆ ಆ ಮಾತನ್ನು ತುರುಕಿಬಿಟ್ಟೆ ಎಂದು ಅವಳಿಗೆ ಅನುಮಾನವೇ ಉಳಿಯಲಿಲ್ಲ. ಇದನ್ನು ಅವಳು ಯಾರಿಗೂ ಹೇಳಲಿಲ್ಲ, ಪಾಪನಿವೇದನೆಗೆ ಹೋದಾಗ ಪಾದ್ರಿಗೂ ಹೇಳಲಿಲ್ಲ.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಒಳ್ಳೆಯವಳು. ದೊಮಿತಿಲಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಳು. "ಕೆಲವರಿಗೆ ಹೀಗೆ ಒಂದೇ ಮಾತು ಉಳ್ಕೊಂಡ್ಬಿಡುತ್ತಮ್ಮ. ಅದಕ್ಕೆ ಅರ್ಥ ಇರ್ಲೇಬೇಕು ಅಂತೇನಿಲ್ಲ. ಅವ್ರು ಮನಸ್ಸಲ್ಲಿ ಊಟ ಅಂದ್ಕೊಂಡಿರ್ತಾರೆ, ನಾಲಿಗೇಲಿ ಇದೇ ಬರುತ್ತೆ. ಬೀಳೋಕ್ಕೆ ಮುಂಚೆ ಯಾರಾದ್ರೂ ಅವ್ರ ಹತ್ರ ಆ ಮಾತು ಆಡಿದ್ರಾ?"

"ನಂಗ್ಗೊತ್ತಿಲ್ಲ" ಎಂದಳು ದೊಮಿತಿಲಾ. ಅರ್ಥವಿಲ್ಲದಿರಬಹುದು ಎಂಬುದನ್ನು ಅವಳು ನಂಬಲೂ ಇಲ್ಲ. ಅರ್ಥವಿಲ್ಲದೆ ಮನುಷ್ಯ ಹಾಗೆ ಕಣ್ಣು ಕೆಂಪಗೆ ಮಾಡಿಕೊಂಡು ಕೂಗುತ್ತಾನೆಯೇ?

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ. ಯಾವೆ ಎಂದ ಕೂಡಲೇ ಅವಳು ಬೀಗದ ಕೈ ತಂದು ತೋರಿಸುವಳು, ಅವನು ತಲೆಯಲ್ಲಾಡಿಸುವನು. ನಲ್ಲಿ ನೀರು ಲೋಟಕ್ಕೆ ಹಿಡಿದು ತರುವಳು. ಕುಡಿಯುವನು, ಕುಡಿದು ಮತ್ತೆ ಯಾವೆ ಎನ್ನುವನು. ಆ ಉದ್ದದ ಪಾನಾವನ್ನು ಎಳೆದು ತಂದು ಹಾಸಿಗೆಗೆ ಒರಗಿಸುವಳು. ಅದನ್ನು ಕಂಡರೆ ಅವನಿಗೆ ಅಳುವೇ ಬಂದುಬಿಡುತ್ತಿತ್ತು. ಎದುರು ಮನೆಯ ಚೆಲಾ ಬಂದು ನೋಡಿದಳು. ಮಗನ ನಾಮಕರಣದ ದಿನ ಚರ್ಚಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತವಳು, ಹಾಗಾಗಿ ದೊಮಿತಿಲಾಗೆ ಕೊಮಾದ್ರೆ, ಅಂದರೆ ಒಡಹುಟ್ಟಿದವಳಿಗಿಂತ ಒಂದು ಕೈ ಹೆಚ್ಚು. ಅವಳ ಬಾಯಿಗೆ ಇಡೀ ಗುಡ್ಡ ಹೆದರುತ್ತಿತ್ತು.

"ನಮ್ಮನೇವ್ನಿಗೇನಾದ್ರೂ ಹಿಂಗಾಗಿ ಒಂದೇ ಮಾತು ಉಳ್ದಿದ್ರೆ, ಅದನ್ನ ಕೇಳಿ ಪಾದ್ರಿ ಊರ್ ಬಿಟ್ ಓಡ್ತಿದ್ರು ಕಣೇ. ನಿನ್ನ ಪುಣ್ಯ, ಮರ್ಯಾದಸ್ಥ ಮಾತು ಉಳ್ಕೊಂಡಿದೆ" ಎಂದಳು ಚೆಲಾ.

ದೊಮಿತಿಲಾ ನಕ್ಕಳು. ನಕ್ಕಿದ್ದಕ್ಕೆ ಆಮೇಲೆ ಹೋಗಿ ಹಿತ್ತಲಲ್ಲಿ ಅತ್ತಳು.

ಇನ್ನೊಂದು ಸಂಗತಿಯನ್ನು ಅವಳು ಚೆಲಾಳಿಗೂ ಹೇಳಿರಲಿಲ್ಲ. ಮೈ ಒರೆಸಲು, ತುತ್ತು ತಿನ್ನಿಸಲು ಅವಳು ಬಗ್ಗಿದಾಗೆಲ್ಲ ಅವನ ಎಡಗೈ ಮೇಲೆದ್ದು ಸೀದಾ ಅವಳ ಕೊರಳಿಗೆ ಬರುತ್ತಿತ್ತು. ಅಭ್ಯಾಸವಿಲ್ಲದ ಕೈ, ಉಗುರು ತರಚುತ್ತಿತ್ತು, ಕಿವಿ ಎಳೆಯುತ್ತಿತ್ತು. ಜೊತೆಗೆ ಕಿವಿಯ ಹತ್ತಿರವೇ ಆ ಮಾತು. ಅವಳು ಹೆದರಿ ಕೈಯನ್ನು ತಳ್ಳಿಬಿಡುತ್ತಿದ್ದಳು. ನನ್ನ ಕತ್ತು ಹಿಚುಕಬೇಕೆಂದಿದ್ದಾನೆ, ನಾನು ಆಡಿದ್ದನ್ನು ಮರೆತಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು. ಗೀರುಗಳು ಕಾಣದಂತೆ ಶಾಲನ್ನು ಕೊರಳಿಗೆ ಸುತ್ತಿಕೊಂಡು ಓಡಾಡುತ್ತಿದ್ದಳು.

ವಾಲ್ವಿನ ಕೆಲಸವನ್ನೂ ಅವಳೇ ಹೊತ್ತುಕೊಂಡಳು. ನೋಡಿ ಹೇಗಿದೆ! ಯಾವ ಪಾನಾವನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲವೋ, ಯಾವುದನ್ನು ಬಿಡು ಬಿಡು ಎಂದು ಅವನ ತಲೆ ತಿಂದಿದ್ದಳೋ, ಅದನ್ನೇ ಹೆಗಲ ಮೇಲಿಟ್ಟುಕೊಂಡು ಗಾಳಿಗೆ ಎದುರಾಗಿ ಗುಡ್ಡ ಹತ್ತಬೇಕಾಯಿತು. ಯಾವೆ ಯಾವೆ ಎಂದು ಅವನು ಬಡಿದುಕೊಳ್ಳುವುದು ಇದಕ್ಕೇ ಇರಬೇಕು, ನನ್ನ ಕೆಲಸ ಬಿಡಬೇಡ ಎನ್ನುತ್ತಿದ್ದಾನೆ, ಮಾಡಿಕೊಟ್ಟರೆ ನನ್ನ ತಪ್ಪು ಮನ್ನಿಸಿಯಾನು ಎಂಬುದು ಅವಳ ಲೆಕ್ಕಾಚಾರ. ಅವಳು ಎರಡು ಕೈಯಲ್ಲಿ ಜೋತುಬಿದ್ದರೂ ವಾಲ್ವು ಅರ್ಧ ತಿರುಗಿ ನಿಲ್ಲುತ್ತಿತ್ತು. ಒಂದು ಓಣಿಗೆ ನೀರು ತಡ, ಇನ್ನೊಂದಕ್ಕೆ ಸಣ್ಣ ಧಾರೆ. ಬೈಗುಳ ಮಾತ್ರ ಎರಡೂ ಓಣಿಗಳಿಂದ ಸಮನಾಗಿ ಬರುತ್ತಿತ್ತು.

"ಗಂಡ ಮಾತು ಕಳ್ಕೊಂಡ, ಹೆಂಡ್ತಿ ಗಡಿಯಾರ ಕಳ್ಕೊಂಡ್ಲು" ಎಂದಿತು ಒಂದು ಕಿಟಕಿ.

"ದೋನ್ಯಾ ತಿಲಾ, ನಮ್ಮ ಮಕ್ಳಿಗೆ ಈಸ್ಟರ್‌ಗಾದ್ರೂ ಸ್ನಾನ ಆಗತ್ತಾ?" ಎಂದಿತು ಇನ್ನೊಂದು. ಹೆಸರಿನ ಹಿಂದೆ ದೋನ್ಯಾ ಎಂಬ ಮರ್ಯಾದೆ ಸೇರಿಸಿ ಬಯ್ಯುವುದು ಇಲ್ಲಿನವರಿಗೆ ಕರಗತ.

ಅವಳು ಉತ್ತರ ಕೊಡದೆ ಮನೆಗೆ ಬಂದು ಅವನ ಮುಂದೆ ಕುಕ್ಕರಿಸಿ, "ತೆಗ್ದು ಬಂದೆ ಮುದುಕ, ಮೇಲಿನ್ ಓಣೀದು ತೆಗ್ದೆ, ಸಾಕಾ?" ಎನ್ನುವಳು. ಅವನು ಅವಳ ಕೆಂಪಗಾದ ಅಂಗೈ ನೋಡಿ ಯಾವೆ ಎನ್ನುವನು. ಸಾಕಾಗಿರಲಿಲ್ಲ, ಇನ್ನೇನೋ ಬೇಕಾಗಿತ್ತು.

ಒಂದು ದಿನ ಅವಳಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಹಿತ್ತಲಲ್ಲಿ ಅವನ ಬಟ್ಟೆ ಒಗೆಯುತ್ತಿದ್ದಳು. ಒಳಗಿನಿಂದ ಯಾವೆ, ಯಾವೆ ಎಂಬ ಕೂಗು ನಿಲ್ಲಲೇ ಇಲ್ಲ. "ಕೂಗ್ಕೋ! ಗಂಟ್ಲು ಹರಿಯೋ ತನಕ ಕೂಗ್ಕೋ!" ಎಂದು ಅವಳೂ ಕೂಗಿ ಬಟ್ಟೆಯನ್ನು ಕಲ್ಲಿಗೆ ಕುಕ್ಕಿದಳು. ಅಷ್ಟರಲ್ಲಿ ಚೆಲಾ ಬಾಗಿಲು ದೂಡಿಕೊಂಡು ಒಳಗೆ ನುಗ್ಗಿದ ಸದ್ದು.

"ತಿಲಾ! ಗ್ಯಾಸು ಕಣೇ! ಮೂಗು ಸತ್ತೋಗಿದ್ಯಾ ನಿಂದು?"

ಒಲೆಯ ಮೇಲಿಟ್ಟ ಅವರೆಕಾಳು ಉಕ್ಕಿ ಬೆಂಕಿ ಆರಿಹೋಗಿತ್ತು, ಗ್ಯಾಸು ಹಾಗೇ ಬರುತ್ತಿತ್ತು. ಅಡುಗೆಮನೆಯ ಪಕ್ಕದಲ್ಲೇ ಅವನ ಹಾಸಿಗೆ. ಚೆಲಾ ತಿರುಪು ಮುಚ್ಚಿ, ಕಿಟಕಿ ತೆಗೆದು, ಸೊಂಟಕ್ಕೆ ಕಟ್ಟಿದ ಅಡುಗೆಬಟ್ಟೆಯನ್ನು ಸೆರಗಿನಂತೆ ಬೀಸುತ್ತ ಇಬ್ಬರನ್ನೂ ಮನಸಾರೆ ಬೈದಳು. ಕ್ರಿಸ್ಪಿನ್ ಬೆವೆತು ಹೋಗಿದ್ದ. ದೊಮಿತಿಲಾ ಹಿತ್ತಲಿಂದ ಓಡಿಬಂದು ಹೊಸ್ತಿಲ ಮೇಲೆ ಕೂತಳು. ಅವನು ಸರಿಯಾಗಿಯೇ ಹೇಳುತ್ತಿದ್ದ. ಗ್ಯಾಸಿನ ಯಾವೆ ಎಂದು ಹೇಳುತ್ತಿದ್ದ. ಈ ಸಲ ಅರ್ಥವಿತ್ತು ಎಂದ ಮೇಲೆ ಉಳಿದೆಲ್ಲ ಸಲವೂ ಇತ್ತು, ಕಿವಿಯಿಲ್ಲದವಳು ತಾನು. ನಲವತ್ತು ವರ್ಷ ಒಟ್ಟಿಗೆ ಮಲಗಿದವನ ಒಂದೇ ಒಂದು ಮಾತು ತನಗೆ ತಿಳಿಯುತ್ತಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಅವನು ಹೀಗೇ ಒಂದು ದಿನ ಸತ್ತುಹೋದರೆ, ಏನು ಕೇಳುತ್ತಿದ್ದ ಎಂಬುದು ತಿಳಿಯದೆ ತಾನು ಉಳಿದುಬಿಟ್ಟರೆ?

ಮಾರ್ಚಿನಲ್ಲಿ ಸಭೆ ಕರೆದರು. ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ. ಅವನನ್ನು ಒಬ್ಬನೇ ಬಿಟ್ಟು ಹೋಗುವ ಧೈರ್ಯ ಅವಳಿಗೆ ಇರಲಿಲ್ಲ. ಚೆಲಾ ತನ್ನ ಗಂಡನನ್ನೂ ಮೈದುನನನ್ನೂ ದಬಾಯಿಸಿ ಕ್ರಿಸ್ಪಿನ್ನನನ್ನು ಕುರ್ಚಿಯ ಸಮೇತ ಹೊರಿಸಿಕೊಂಡು ಬಂದಳು. ಮೊದಲು ಎದ್ದು ನಿಂತವನು ಎವರಾರ್ದೊ. ಅವನಿಗೆ ಎರಡು ನೀರಿನ ಟ್ಯಾಂಕರುಗಳಿದ್ದವು. ನಲ್ಲಿಯಲ್ಲಿ ನೀರು ಬಾರದ ದಿನವೇ ಅವನಿಗೆ ಹಬ್ಬ.

"ದೋನ್ಯಾ ತಿಲಾ ಬಗ್ಗೆ ನಂಗೆ ಬಹಳ ಗೌರವ. ನಮ್ಮ ತಾಯಿ ಸಮಾನ. ತಾಯಿಗೆ ಯಾಕ್ರೀ ಇಷ್ಟು ಕಷ್ಟ ಕೊಡೋದು? ಯಾವೆ ನನ್ ಕೈಗೆ ಕೊಡಿ, ನಾನ್ ನೋಡ್ಕೋತೀನಿ."

"ಬೆಕ್ಕಿನ್ ಕೈಗೆ ಹಾಲು ಕಾಯೋ ಕೆಲಸ ಕೊಡ್ರಪ್ಪ" ಎಂದಳು ಚೆಲಾ, ಎಲ್ಲರಿಗೂ ಕೇಳುವ ಹಾಗೆ. ಅಂಗಳವೆಲ್ಲ ನಕ್ಕಿತು. ಆದರೆ ನಕ್ಕವರಲ್ಲಿ ಅರ್ಧ ಜನಕ್ಕೆ ಆ ವಾರ ನೀರು ಬಂದಿರಲಿಲ್ಲ.

ದೊಮಿತಿಲಾ ಎದ್ದು ನಿಂತಳು. "ಸಭೆ ಕೊಟ್ಟಿದ್ದು ನನ್ ಗಂಡನಿಗೆ. ಅವ್ನು ಹೇಳೋ ತನಕ ನಾನ್ ಯಾರಿಗೂ ಕೊಡಲ್ಲ."

"ಅವ್ರು ಹೆಂಗಮ್ಮಾ ಹೇಳ್ತಾರೆ?" ಎಂದ ಎವರಾರ್ದೊ. ಕೊಂಕಿನಿಂದ ಹೇಳಿದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ.

ಸಭೆಯ ಹಿರಿಯ ದೋನ್ ಮೆಲಿತೋನ್, ಗಣಿಯಲ್ಲಿ ಕ್ರಿಸ್ಪಿನ್ನನ ಅಪ್ಪನ ಜೊತೆ ಇಳಿದವನು. ಕೋಲೂರಿಕೊಂಡು ಕುರ್ಚಿಯ ಮುಂದೆ ಬಂದ. ಟೋಪಿ ತೆಗೆದು ಕ್ರಿಸ್ಪಿನ್ನನ ಮುಖಕ್ಕೆ ಮುಖ ಕೊಟ್ಟು ಬಗ್ಗಿದ. "ಕ್ರಿಸ್ಪಿನ್, ಮಗಾ, ನಾನು ಯಾರು ಗೊತ್ತಲ್ಲ? ಹೇಳಪ್ಪ. ಯಾವೆ ಯಾರಿಗೆ?"

ಕ್ರಿಸ್ಪಿನ್ ಎಲ್ಲರನ್ನೂ ನೋಡಿದ. ಆಮೇಲೆ ಕತ್ತು ಹೊರಳಿಸಿ ಹೆಂಡತಿಯನ್ನು ಹುಡುಕಿದ. ಎಡಗೈಯನ್ನು ಅವಳ ಕಡೆಗೆ ಎತ್ತಿ, ಒಡೆದ ದನಿಯಲ್ಲಿ "ಯಾವೆ" ಎಂದ.

ಅಷ್ಟೇ ಸಾಕಾಯಿತು. ಚಪ್ಪಾಳೆಯೋ ಚಪ್ಪಾಳೆ. ಹೆಂಗಸರು ಕಣ್ಣೊರೆಸಿಕೊಂಡರು. ಹೆಂಡತಿಗೇ ಕೊಟ್ಟ ನೋಡ್ರೀ, ಆ ಸ್ಥಿತಿಯಲ್ಲೂ ಎಷ್ಟು ನೆಟ್ಟಗೆ ಹೇಳಿದ ನೋಡ್ರೀ ಎಂದು ಮೊನ್ನೆ ಬೈದವರೇ ಬಂದು ಅವಳನ್ನು ತಬ್ಬಿಕೊಂಡರು. ಎವರಾರ್ದೊ ಕೂಡ ಟೋಪಿ ತೆಗೆದ. ಮೆಲಿತೋನ್ ಕೋಲೆತ್ತಿ, ಇನ್ನು ಮುಂದೆ ಬೀಗದ ಕೈಯೂ ಪಾನಾವೂ ದೊಮಿತಿಲಾಳವೇ, ಈ ಮಾತು ಮುಗಿಯಿತು ಎಂದು ಸಾರಿಬಿಟ್ಟ.

ಗೆದ್ದವಳು ಮಾತ್ರ ಶಾಲನ್ನು ಕೊರಳಿಗೆ ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು. ಎಲ್ಲರೂ ಮಾತು ಕೇಳಿದರು, ಕೈಯನ್ನು ನೋಡಿದವಳು ಅವಳೊಬ್ಬಳೇ. ಅವನು ಅವಳನ್ನು ಬೊಟ್ಟು ಮಾಡಿ ತೋರಿಸಿರಲಿಲ್ಲ. ಬೆರಳುಗಳು ಬಾಗಿದ್ದವು, ತೋಳು ಅರ್ಧ ಬಳಸಿತ್ತು. ದಿನವೂ ಕೊರಳಿಗೆ ಬರುತ್ತಿದ್ದ ಅದೇ ಕೈ. ಊರೆಲ್ಲದರ ಮುಂದೆಯೂ ಇವನಿಗೆ ಬೇಕಾದದ್ದು ತನ್ನ ಕತ್ತೇ ಎಂದುಕೊಂಡಳು.

ಮಧ್ಯಾಹ್ನ ಮನೆಗೆ ತಂದು ಅವನನ್ನು ಹಾಸಿಗೆಯ ಅಂಚಿಗೆ ದಿಂಬು ಕೊಟ್ಟು ಕೂರಿಸಿ ಎಲ್ಲರೂ ಹೋದರು. ಚೆಲಾ ತಂದಿಟ್ಟ ಆಲೂಗಡ್ಡೆ ಕಡುಬು ತಟ್ಟೆಯಲ್ಲಿ ಆರುತ್ತಿತ್ತು. ಪಾನಾ ಬಾಗಿಲ ಹಿಂದಿತ್ತು. ಬಾಗಿಲು ಮುಚ್ಚಿದ್ದೇ ತಡ ಅವನು ಶುರುಮಾಡಿದ.

"ಯಾವೆ."

"ಸಿಕ್ತಲ್ಲ! ಊರೇ ಸೇರಿ ಕೊಡ್ತಲ್ಲ! ಸಾಯೋ ತನಕ ನಾನೇ ಹೊರ್ತೀನಿ, ಇನ್ನೇನು?"

"ಯಾವೆ." ಅವನ ಕೈ ಮೇಲೆದ್ದಿತು. "ಯಾವೆ!"

ದೊಮಿತಿಲಾಗೆ ಕಟ್ಟೆ ಒಡೆಯಿತು. "ನಾನೇ ಕಣೋ! ಆವತ್ತು ಅಂದಿದ್ದು ನಾನೇ. ಆ ಯಾವೆ ಜೊತೇಲೇ ಸಂಸಾರ ಮಾಡು, ನನ್ ಮುಂದೆ ಬಾಯಿ ತೆಗೀಬೇಡ ಅಂದೆ. ನಿನ್ ಮಾತೆಲ್ಲ ನುಂಗ್ಹಾಕಿದ್ದು ನನ್ ಬಾಯಿ. ದಿನಾ ನನ್ನ ಕಿವಿಗೆ ಅದನ್ನ ಕೂಗಿ ಕೂಗಿ ಯಾಕೋ ಸುಡ್ತೀಯ? ಕತ್ತು ಬೇಕಾ? ತಗೋ. ಹಿಚುಕು. ನಂಗೂ ಸಾಕಾಗಿದೆ." ಶಾಲು ಕಿತ್ತೆಸೆದಳು. ಅವನ ಕಾಲ ಬಳಿ ನೆಲದ ಮೇಲೆ ಅವನಿಗೆ ಬೆನ್ನು ಹಾಕಿ ಧೊಪ್ಪನೆ ಕೂತು, ತಲೆಯನ್ನು ಅವನ ಮಂಡಿಗೆ ಆನಿಸಿ ಕಣ್ಣು ಮುಚ್ಚಿದಳು.

ತೋಳು ಬಂತು. ತಡವರಿಸುತ್ತ ಬಂದು ಗಲ್ಲದ ಕೆಳಗೆ ಮೊಳಕೈ ಮಡಿಸಿ ಕೊರಳನ್ನು ಬಳಸಿತು. ಅವಳು ಹಿಚುಕುವುದನ್ನು ಕಾದಳು. ತೋಳು ಬಿಗಿಯಲಿಲ್ಲ. ಅವಳ ಬಲ ಭುಜದ ಆಚೆ ಅವನ ಎಡಗೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಬೆರಳು ಬಿಚ್ಚುವುದು, ಮುಚ್ಚುವುದು, ಮತ್ತೆ ಬಿಚ್ಚುವುದು. ಅದು ಹುಡುಕುತ್ತಿದ್ದದ್ದು ಇನ್ನೊಂದು ಕೈಯನ್ನು. ಮಣಿಕಟ್ಟು ಹಿಡಿಯಬೇಕಾಗಿದ್ದ, ಆದರೆ ಜನವರಿಯಿಂದ ತೊಡೆಯ ಮೇಲೆ ಸತ್ತು ಬಿದ್ದಿದ್ದ ಅವನ ಬಲಗೈಯನ್ನು.

ಕುಸ್ತಿಯ ಪಟ್ಟಿಗೂ ಇಲ್ಲಿ ಯಾವೆ ಎಂದೇ ಹೆಸರು. ಅಖಾಡದಲ್ಲಿ ಒಬ್ಬ ಇನ್ನೊಬ್ಬನಿಗೆ ಪಟ್ಟು ಹಾಕಿದರೆ ಯಾವೆ ಹಾಕಿದ ಎಂದೇ ಜನ ಕುಣಿಯುತ್ತಾರೆ. ಅಖಾಡದ ಬಾಗಿಲಲ್ಲಿ ಬೀಜ ಮಾರುತ್ತ ಆ ಕೂಗನ್ನು ಸಾವಿರ ಸಲ ಕೇಳಿದ್ದ ಹೆಂಗಸು, ಬೀಗದ ಕೈ ನೆನೆದಿದ್ದಳು, ನಲ್ಲಿ ನೆನೆದಿದ್ದಳು, ಪಾನಾ ನೆನೆದಿದ್ದಳು, ಇದೊಂದನ್ನು ಪೂರ್ತಿ ಮರೆತಿದ್ದಳು. ಅವನು ಬಿದ್ದ ದಿನ ಬೆಳಗ್ಗೆ ಜಗಳವಾಗಿತ್ತು. ಆ ಆಟ ನಿಂತು ಎಷ್ಟೋ ವರ್ಷವಾಗಿದ್ದರೂ, ಜಗಳವಾದ ದಿನ ಹೊತ್ತು ಮುಳುಗುವುದರೊಳಗೆ ಅದನ್ನು ಮುಗಿಸಬೇಕಿತ್ತು, ಮುಗಿಸಲು ಅವನಿಗೆ ಕೈ ಉಳಿದಿರಲಿಲ್ಲ. ಅಂದಿನಿಂದ ಅವನು ಕೇಳುತ್ತಿದ್ದದ್ದು ಇಷ್ಟೇ. ಅವಳು ದಿನವೂ ತಳ್ಳಿ ಹಾಕಿದ್ದಳು.

ದೊಮಿತಿಲಾ ಕಣ್ಣು ತೆರೆಯದೆ ಕೈಯನ್ನು ಹಿಂದಕ್ಕೆ ಚಾಚಿದಳು. ತಣ್ಣಗಿದ್ದ ಅವನ ಬಲಗೈಯನ್ನು ಎತ್ತಿ ತನ್ನ ಭುಜದ ಮೇಲಿಂದ ಎಳೆದುಕೊಂಡು, ಅವನ ಎಡಗೈಯ ಮಣಿಕಟ್ಟಿನ ಮೇಲೆ ಇಟ್ಟಳು. ಬೆರಳು ಮುಚ್ಚಿಕೊಳ್ಳಲಿಲ್ಲ. ಅವಳೇ ಅದರ ಮೇಲೆ ತನ್ನ ಎಡ ಅಂಗೈಯನ್ನು ಒತ್ತಿ ಹಿಡಿದಳು. ಪಟ್ಟು ಕೂಡಿತು.

"ಯಾವೆ" ಎಂದ ಅವನು ಅವಳ ನೆತ್ತಿಯ ಮೇಲೆ. ಈ ಸಲ ಕೂಗಲಿಲ್ಲ, ಮೆಲ್ಲಗೆ ಎಂದ.

ಅವಳಿಗೆ ತನ್ನ ಕೆಲಸ ಗೊತ್ತಿತ್ತು. ನೆಲ ಬಡಿಯಲು ಬಲಗೈ ಎತ್ತಿದಳು. ಅದು ನೆಲಕ್ಕೆ ತಾಗುವ ಮೊದಲೇ ಅವಳ ಭುಜದ ಎಲುಬಿನ ಮೇಲೆ ಅವನ ಎಡಗೈಯ ಎರಡು ಬೆರಳು ತಟ್ಟಿದವು. ನಿಂತು, ಮತ್ತೆ ತಟ್ಟಿದವು. ಬಹಳ ಹೊತ್ತು ಕಷ್ಟಪಟ್ಟು ಮೂರನೆಯ ಸಲವೂ ತಟ್ಟಿದವು. ಪಟ್ಟು ಹಾಕಿದವನೇ ಸೋತೆ ಎನ್ನುತ್ತಿದ್ದ. ಇಷ್ಟು ವರ್ಷಗಳಲ್ಲಿ ಒಂದೇ ಒಂದು ದಿನವೂ ಹೇಳದಿದ್ದದ್ದನ್ನು ಹೇಳುತ್ತಿದ್ದ.

"ಸೋತ್ಯಾ ಮುದುಕ?" ಎಂದು ಕೇಳಿ, ದೊಮಿತಿಲಾ ಗೋಳೋ ಎಂದು ಅತ್ತಳು.

ಮಾರನೆಯ ಬೆಳಗ್ಗೆ ಅವಳು ಚೆಲಾಳನ್ನು ಕರೆದು ಬೀಗದ ಕೈಯನ್ನೂ ಪಾನಾವನ್ನೂ ಅವಳ ಕೈಗಿತ್ತಳು.

"ಅಯ್ಯೋ, ನಿನ್ನೆ ತಾನೇ ಊರು ನಿಂಗೆ ಕೊಡ್ತು! ನಂಗ್ಯಾಕೆ? ನನ್ ಬಾಯಿ ಎಂಥದು ಗೊತ್ತಲ್ಲ ನಿಂಗೆ?"

"ಅದಕ್ಕೇ ಕೊಡ್ತಿರೋದು. ಬೈದ್ರೆ ವಾಪಸ್ ಬೈಯೋಕ್ಕೆ ಜನ ಬೇಕು ಅಲ್ಲಿ. ನಿನ್ ಮೈದುನನ್ನ ತಿರುಗ್ಸೋಕ್ಕೆ ಹಚ್ಚು. ಊರು ನಂಗೆ ಕೊಡ್ತು, ನಾನ್ ನಿಂಗೆ ಕೊಟ್ಟೆ."

ಕ್ರಿಸ್ಪಿನ್ ಬಾಗಿಲ ಪಕ್ಕದಲ್ಲೇ ಕುರ್ಚಿಯಲ್ಲಿದ್ದ. ದೊಮಿತಿಲಾ ಓರೆಗಣ್ಣಿನಿಂದ ಅವನನ್ನೇ ನೋಡುತ್ತಿದ್ದಳು. ಆ ಉದ್ದದ ಕಬ್ಬಿಣ ಅವನ ಮೂಗಿನ ಮುಂದೆಯೇ ಹೊಸ್ತಿಲು ದಾಟಿತು. ಅವನು ಅದು ಹೋಗುವುದನ್ನು ನೋಡಿದ, ಬಾಯಿ ತೆರೆಯಲಿಲ್ಲ.

ಆ ಸಂಜೆ ಅವರ ಮನೆಯಿದ್ದ ಕೆಳಗಿನ ಓಣಿಯ ಸರದಿ. ನೀರು ತಡವಾಗಿಯೇ ಬಂತು. ಹೊರಗೆ ಚೆಲಾ ಇಡೀ ಓಣಿಗೆ ಒಬ್ಬಳೇ ಉತ್ತರ ಕೊಡುತ್ತಿದ್ದಳು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಗೋಡೆಗೆ ಕಿವಿ ಕೊಟ್ಟು ದೊಮಿತಿಲಾ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಗುತ್ತಿದ್ದಳು. ಆಗ ಅವನು ಯಾವೆ ಎಂದ.

"ಯಾವ ಯಾವೆ?" ಎಂದು ಅವಳು ತಿರುಗಿದಳು. ಹಿತ್ತಲಲ್ಲಿ ಬಕೆಟ್ಟು ತುಂಬಿ ನೀರು ಹೊರಗೆ ಹರಿಯುತ್ತಿತ್ತು. ಅವಳು ಓಡಿಹೋಗಿ ನಲ್ಲಿ ನಿಲ್ಲಿಸಿದಳು.